ಮೂವತ್ತೆರಡು ಮನೆಗಳ ಚೌಕ

ಒಂದು ತಿಂಗಳ ಕೂಸಿನ ಮೊಹರಿನ ಮೇಲೆ ಎಪ್ಪತ್ತೆರಡು ವರ್ಷದ ಬಾತುಕೋಳಿ ವ್ಯಾಪಾರಿಯ ಹೆಸರು ಕೆತ್ತಿ ಬಂದದ್ದು ಕೆ ಮನೆತನದವರ ಮೊಹರಿನ ಅಂಗಡಿಯಲ್ಲಿ ಅದೇ ಮೊದಲು.

ಕೂಸಿನ ಅಜ್ಜಿ ಮೊಹರನ್ನು ಗಾಜಿನ ಮೇಜಿನ ಮೇಲೆ ಕುಕ್ಕಿದಳು. ಅದು ಬರೀ ಕಲ್ಲಲ್ಲ. ಮಗುವಿನ ಒಣಗಿದ ಹೊಕ್ಕುಳಬಳ್ಳಿಯನ್ನು ಕಲ್ಲಿನ ಹೊಟ್ಟೆಯಲ್ಲಿ ಸಣ್ಣ ತೂತು ಕೊರೆದು ಇಟ್ಟು, ಮೇಲೆ ಮುಚ್ಚಿ, ಕೆಳಗೆ ಹೆಸರು ಕೆತ್ತಿ ಕೊಡುವ ಮೊಹರು. ಸಹಿಯ ಬದಲು ಹೆಸರಿನ ಮೊಹರು ಒತ್ತುವ ಆ ಊರಿನ ಜನ ಅದನ್ನು ಜೀವಮಾನ ಪೂರ್ತಿ ಇಟ್ಟುಕೊಳ್ಳುತ್ತಾರೆ.

"ಒಳಗೆ ನನ್ನ ಮೊಮ್ಮಗನ ಬಳ್ಳಿ, ಕೆಳಗೆ ಯಾವನೋ ಮುದುಕನ ಹೆಸರು! ದೊಡ್ಡವನಾದ್ಮೇಲೆ ಇವನು ಬಾತುಕೋಳಿ ಮಾರ್ಬೇಕಾ?" ಎಂದು ಆಕೆ ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು.

ಕಿಟಕಿಯ ಪಕ್ಕ ಕೂತು ಕೈಯಲ್ಲಿ ಮೊಹರು ಕೆತ್ತುತ್ತಿದ್ದ ಶುಯ್‌ಮೂ ಎದ್ದು ಬಂದು, ಎರಡೂ ಕೈಯಿಂದ ಆ ಕಲ್ಲನ್ನು ತೆಗೆದುಕೊಂಡ. "ಬಳ್ಳಿಗೇನೂ ಆಗಿಲ್ಲಮ್ಮ. ಹೆಸರು ಉಜ್ಜಿ ತೆಗೆದು ನಾನೇ ಕೈಯಾರೆ ಕೆತ್ತಿ ಕೊಡ್ತೀನಿ. ಕಲ್ಲು ಒಂದು ಅಕ್ಕಿಕಾಳಿನಷ್ಟು ಗಿಡ್ಡ ಆಗತ್ತೆ, ಅಷ್ಟೆ," ಎಂದ.

ಆಕೆ ಹೋದ ಮೇಲೆ ಕೀಲಿಕೈ ಕತ್ತರಿಸುವ ಯಂತ್ರವನ್ನು ನಿಲ್ಲಿಸಿ ಶುಯ್‌ಮೂನ ಮಗ ಚಿವೆನ್ ಹೆಂಡತಿಯ ಕಡೆ ತಿರುಗಿದ. "ಫೋನ್ ಕಿವಿಗಿಟ್ಕೊಂಡು ಟೈಪ್ ಮಾಡಿದ್ರೆ ಇನ್ನೇನಾಗತ್ತೆ?"

"ನಾನು ಸರಿಯಾಗೇ ಟೈಪ್ ಮಾಡಿದೀನಿ. ಬೇಕಾದ್ರೆ ಬಂದು ನೋಡು," ಎಂದಳು ರುವೋಲಾನ್.

"ಹಾಗಾದ್ರೆ ಅಮ್ಮ ತಪ್ಪು ಮಾಡಿದ್ಳು ಅಂತೀಯಾ?"

ಚಿಯಾಯಿ ಊರಿನ ಆ ಅಂಗಡಿಯಲ್ಲಿ ಕೆಲಸ ಹಂಚಿಕೆಯಾಗಿದ್ದದ್ದು ಹೀಗೆ: ಸೊಸೆ ರುವೋಲಾನ್ ಆರ್ಡರ್ ಬರೆದುಕೊಂಡು, ಹೆಸರು ಟೈಪ್ ಮಾಡಿ, ಗಿರಾಕಿಗೊಂದು ಫೋಲ್ಡರಿನಂತೆ ಕಂಪ್ಯೂಟರಿನಲ್ಲಿ ಇಡುವುದು. ಅತ್ತೆ ಬಾವ್‌ಜೂ ಕೌಂಟರಿನಲ್ಲಿ ಕೂತು ಗಿರಾಕಿಗಳನ್ನು ಮಾತಾಡಿಸುತ್ತ, ಸರದಿ ಬಂದ ಫೋಲ್ಡರನ್ನು ತೆರೆದು ಕೆತ್ತುವ ಮಷೀನಿಗೆ ಕಳಿಸುವುದು. ಕಂಪ್ಯೂಟರು ಬರುವ ಮೊದಲು ಅವಳು ಇದೇ ಕೆಲಸವನ್ನು ಚೀಟಿಗಳಲ್ಲಿ ಮಾಡುತ್ತಿದ್ದಳು. ನಲವತ್ತಾರು ವರ್ಷದಲ್ಲಿ ಒಂದು ಚೀಟಿ ಅದಲುಬದಲಾದದ್ದಿಲ್ಲ.

ಬಾವ್‌ಜೂ ಕಂಪ್ಯೂಟರಿನ ಮುಂದೆಯೇ ಕೂತಿದ್ದಳು. ಮಾತಿಗೆ ಯಾವಾಗಲೂ ಮುಂದಿರುವ ಹೆಂಗಸು, ಅವತ್ತು ತಲೆ ತಗ್ಗಿಸಿಕೊಂಡು ಪೇರಲೆಹಣ್ಣು ಹೆಚ್ಚುತ್ತಿದ್ದಳು.

ಎರಡು ತಿಂಗಳ ಹಿಂದೆ ಅವಳು ಸ್ನಾನದ ಮನೆಯ ಬಾಗಿಲಲ್ಲಿ ತಲೆ ತಿರುಗಿ ಬಿದ್ದಿದ್ದಳು. ತಲೆಯಲ್ಲಿ ಒಂದು ಸಣ್ಣ ರಕ್ತನಾಳ ಕಟ್ಟಿಕೊಂಡಿದೆ ಎಂದು ಐದು ದಿನ ಆಸ್ಪತ್ರೆಯಲ್ಲಿಟ್ಟುಕೊಂಡು ಕಳಿಸಿದ್ದರು. ಕೈಕಾಲು ನೆಟ್ಟಗಿದ್ದವು, ಮಾತು ಮೊದಲಿನಷ್ಟೇ ಚುರುಕಾಗಿತ್ತು. ದೇವರು ದೊಡ್ಡವನು ಎಂದುಕೊಂಡು ಮನೆಯವರೆಲ್ಲ ಅದನ್ನು ಮರೆತಿದ್ದರು.

ಮುಂದಿನ ಹದಿನೈದು ದಿನದಲ್ಲಿ ಇನ್ನೂ ಎರಡು ಮೊಹರು ತಪ್ಪಾದವು. ಹಳೇ ಗಿರಾಕಿಯೊಬ್ಬನ ಇಡೀ ಫೋಲ್ಡರ್ ಕಸದಬುಟ್ಟಿಯ ಐಕಾನಿನೊಳಗೆ ಸಿಕ್ಕಿತು. ಪ್ರತಿ ಸಲವೂ ಊಟದ ಮೇಜಿನಲ್ಲಿ ರುವೋಲಾನಳ ವಿಚಾರಣೆ. ಒಮ್ಮೆ ಅವಳು ಬಿದಿರುಕಳಲೆ ಸಾರಿನ ಪಾತ್ರೆಯನ್ನು ಮೇಜಿನ ಮೇಲಿಟ್ಟವಳೇ ಬಟ್ಟಲು ಮುಟ್ಟದೆ ಮಹಡಿ ಹತ್ತಿಹೋದಳು. ಹದಿಮೂರು ವರ್ಷದ ಮಗಳು ಆನ್‌ಛಿ, "ಅಪ್ಪ, ನಿಂಗೆ ಇವತ್ತು ಸಾರು ಜಾಸ್ತಿ ಸಿಗತ್ತೆ, ಖುಷಿಪಡು," ಎಂದದ್ದು ಮೆಟ್ಟಿಲವರೆಗೂ ಕೇಳಿಸಿತು.

ಒಂದು ಶುಕ್ರವಾರ ಬೆಳಿಗ್ಗೆ ಅತ್ತೆ ಸೊಸೆ ಇಬ್ಬರೂ ಸಂತೆಗೆ ಹೋದರು. ಹೊರಡುವ ಮೊದಲು ಬಾವ್‌ಜೂ ಮೇಜಿನ ಬಳಿ ನಿಂತು ಸಾಮಾನಿನ ಪಟ್ಟಿ ಬರೆದದ್ದನ್ನು ರುವೋಲಾನ್ ನೋಡಿದ್ದಳು. ಮುತ್ತು ಪೋಣಿಸಿದಂಥ ಅಕ್ಷರ. ತರಕಾರಿಯವಳ ಮುಂದೆ ಅತ್ತೆ ಆ ಪಟ್ಟಿಯನ್ನು ತೆಗೆದು ನೋಡಿದಳು. ತಿರುಗಿಸಿ ನೋಡಿದಳು. ಆಮೇಲೆ ತರಕಾರಿಯವಳ ಕೈಗೇ ಕೊಟ್ಟು, "ಓದಮ್ಮ, ಕನ್ನಡಕ ಮರೆತು ಬಂದಿದೀನಿ," ಎಂದಳು.

ಕನ್ನಡಕ ದಾರದಲ್ಲಿ ಅವಳ ಕೊರಳಲ್ಲೇ ತೂಗುತ್ತಿತ್ತು.

ಮನೆಗೆ ಬಂದು ಇಬ್ಬರೂ ಅಡುಗೆಮನೆಯಲ್ಲಿ ಸೊಪ್ಪು ಬಿಡಿಸಲು ಕೂತಾಗ ರುವೋಲಾನ್ ಕೇಳಿಯೇಬಿಟ್ಟಳು. "ಅತ್ತೆ, ನಿಮಗೆ ಕಣ್ಣು ಕಾಣಿಸ್ತಿಲ್ವಾ?"

"ಕಣ್ಣಿಗೇನಾಗಿದೆ? ನಿನ್ನ ಕೆನ್ನೆ ಮೇಲೆ ಕೂತಿರೋ ನೊರಜು ಕಾಣತ್ತೆ."

"ಮತ್ತೆ ಪಟ್ಟಿ?"

ಬಾವ್‌ಜೂ ಸೊಪ್ಪಿನ ದಂಟು ಮುರಿಯುತ್ತಲೇ ಇದ್ದಳು. ಆಮೇಲೆ ಕೈ ಒರೆಸಿಕೊಂಡು, ಕ್ಯಾಲೆಂಡರಿನ ಹಳೆಯ ಹಾಳೆಯೊಂದನ್ನು ಎಳೆದುಕೊಂಡು ತನ್ನ ಹೆಸರು ಬರೆದಳು, ಗಂಡನ ಹೆಸರು ಬರೆದಳು, ಅಂಗಡಿಯ ವಿಳಾಸ ಬರೆದಳು. ಒಂದು ಗೀಟೂ ತಪ್ಪಲಿಲ್ಲ. ಹಾಳೆ ಮಗುಚಿ, ಹತ್ತು ಎಣಿಸುವಷ್ಟು ಹೊತ್ತು ಬಿಟ್ಟು, ಮತ್ತೆ ತೆರೆದು ಸೊಸೆಯ ಮುಂದೆ ತಳ್ಳಿದಳು.

"ಈಗ ಕೇಳು, ಇದರಲ್ಲಿ ನನ್ನ ಹೆಸರು ಯಾವುದು ಅಂತ. ಕೇಳು."

"ಯಾವುದು ಅತ್ತೆ?"

"ಗೊತ್ತಿಲ್ಲ. ಇರುವೆ ಹರಿದಾಡಿದ ಹಾಗೆ ಕಾಣತ್ತೆ. ಆಸ್ಪತ್ರೆಯಿಂದ ಬಂದಾಗಿನಿಂದ ಹೀಗೇ. ಬರೆಯಕ್ಕೆ ಬರತ್ತೆ, ಬರೆದಿದ್ದು ಓದಕ್ಕೆ ಬರಲ್ಲ."

ಒಂದೇ ತಲೆಯೊಳಗೆ ಬರೆಯುವ ಕೋಣೆ ತೆರೆದಿದ್ದು, ಓದುವ ಕೋಣೆಗೆ ಬೀಗ ಬೀಳಲು ಸಾಧ್ಯವೇ? ಎದುರಿಗೇ ಇತ್ತು, ಒದ್ದೆ ಬೆರಳಿನ ಗುರುತಿನ ಪಕ್ಕದಲ್ಲಿ, ಅಷ್ಟು ಚೆಂದದ ಬರಹ.

"ಕೂಸಿನ ಮೊಹರು?" ಎಂದು ಮೆಲ್ಲಗೆ ಕೇಳಿದಳು.

"ನಾನೇ. ಮೂರೂ ನಾನೇ. ಮೇಲಿಂದ ಎಷ್ಟನೇದು ಅಂತ ಎಣಿಸಿ ಒತ್ತುತಿದ್ದೆ. ಹೊಸದು ಬಂದಾಗ ಸಾಲು ಆ ಕಡೆ ಈ ಕಡೆ ಆಗಿಬಿಡತ್ತೆ." ಬಾವ್‌ಜೂ ಹಾಳೆಯನ್ನು ನಾಲ್ಕಾಗಿ ಮಡಿಸಿದಳು. "ಅವನು ನಿನ್ನ ಬೈದಾಗ ನಾನು ಪೇರಲೆಹಣ್ಣು ಹೆಚ್ಚುತ್ತಿದ್ದೆ. ನೋಡಿದ್ಯಲ್ಲ."

"ನೋಡಿದೆ," ಎಂದಳು ರುವೋಲಾನ್. ಎದ್ದು ಹಿತ್ತಲಿಗೆ ಹೋಗಿ ಒಣಗಿದ ಬಟ್ಟೆಗಳನ್ನೆಲ್ಲ ತೆಗೆದು, ಮತ್ತೆ ಅವನ್ನೇ ಹಗ್ಗದ ಮೇಲೆ ಹಾಕಿ, ಸಿಟ್ಟು ಇಳಿದ ಮೇಲೆ ಒಳಗೆ ಬಂದಳು. ಅತ್ತೆ ಸೊಪ್ಪೆಲ್ಲ ಬಿಡಿಸಿ ಮುಗಿಸಿದ್ದಳು.

"ಮಾವನಿಗೆ ಹೇಳೋಣ," ಎಂದಳು ರುವೋಲಾನ್.

"ಬೇಡ. ಅವರು ಅಕ್ಷರ ಕೆತ್ತೋ ಮನುಷ್ಯ. ಅವರ ಹೆಂಡತಿಗೆ ಅಕ್ಷರ ಹೋಯ್ತು ಅಂತ ಯಾವ ಬಾಯಲ್ಲಿ ಹೇಳಲಿ?"

ಗುಡಿಗೆ ಹೋಗುತ್ತೇವೆ ಎಂದು ಹೇಳಿ ಇಬ್ಬರೂ ಡಾಕ್ಟರ ಬಳಿ ಹೋದರು. ಡಾಕ್ಟರು ಬಾತುಕೋಳಿಯ ಚಿತ್ರ ತೋರಿಸಿದಾಗ ಬಾವ್‌ಜೂ ತಟ್ಟನೆ ಹೇಳಿದಳು. ಪಕ್ಕದಲ್ಲೇ ಬರೆದಿದ್ದ ಪದವನ್ನು ಮಾತ್ರ ಓದಲಾಗಲಿಲ್ಲ. ಚಿತ್ರಗಳು ಹೋಗುವ ದಾರಿ ಸರಿಯಿದೆ, ಅಕ್ಷರಗಳು ಹೋಗುವ ದಾರಿ ಕಡಿದುಹೋಗಿದೆ, ಮರಳಿ ಬಂದರೆ ಬರಬಹುದು ಎಂದರು ಡಾಕ್ಟರು.

ಅವತ್ತೇ ಸಂಜೆ ಟರ್ಕಿಕೋಳಿ ಅನ್ನ ತಿನ್ನುತ್ತಿದ್ದಾಗ ಚಿವೆನ್ ಹೇಳಿದ: "ಮುಂದಿನ ತಿಂಗಳಿಂದ ಅಮ್ಮ ಕೌಂಟರಿಗೆ ಬರೋದು ಬೇಡ. ಮೇಲೆ ಆರಾಮಾಗಿ ಟಿವಿ ನೋಡ್ಕೊಂಡಿರಲಿ. ಒಬ್ಬ ಹುಡುಗಿನ ಕೆಲಸಕ್ಕಿಟ್ಕೊಳ್ಳೋಣ."

"ನಾನೇನು ಮುರಿದ ಕುರ್ಚಿನಾ, ಮೇಲೆ ಹಾಕಕ್ಕೆ?" ಎಂದಳು ಬಾವ್‌ಜೂ.

"ವಯಸ್ಸಾಯ್ತಲ್ಲಮ್ಮ."

"ನಿಮ್ಮಪ್ಪ ನನಗಿಂತ ನಾಲ್ಕು ವರ್ಷ ದೊಡ್ಡೋರು. ಅವರನ್ನ ಯಾವಾಗ ಹತ್ತಿಸ್ತೀಯಾ?"

ಶುಯ್‌ಮೂ ಅನ್ನದ ಬಟ್ಟಲಿನಿಂದ ತಲೆ ಎತ್ತಲಿಲ್ಲ. ಅವನು ಮಾತಾಡದಿದ್ದರೆ ಒಪ್ಪಿದ ಹಾಗೆ ಎಂದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಬಾವ್‌ಜೂ ಅರ್ಧಕ್ಕೇ ಊಟದ ಕಡ್ಡಿಗಳನ್ನು ಕೆಳಗಿಟ್ಟಳು.

ಮಾರನೆಯ ದಿನ ಆನ್‌ಛಿಯ ಕೋಣೆ ಗುಡಿಸುತ್ತಿದ್ದ ರುವೋಲಾನ್ ಮಗಳ ಕಂಪ್ಯೂಟರಿನ ಪರದೆ ನೋಡಿ ಪೊರಕೆ ಹಿಡಿದೇ ನಿಂತಳು. ಕಸದಬುಟ್ಟಿ ಇರಬೇಕಾದ ಜಾಗದಲ್ಲಿ ಬಾಯಿ ತೆರೆದ ಬೆಕ್ಕೊಂದಿತ್ತು.

"ಇದೇನೇ ಇದು?"

"ಕಸದಬುಟ್ಟಿ. ಏನಾದ್ರೂ ಬಿಸಾಕಿದ್ರೆ ಬೆಕ್ಕಿನ ಹೊಟ್ಟೆ ದಪ್ಪ ಆಗತ್ತೆ, ನೋಡು." ಆನ್‌ಛಿ ಒಂದು ಫೈಲನ್ನು ಎಳೆದು ಹಾಕಿದಳು, ಬೆಕ್ಕು ಉಬ್ಬಿತು.

"ಅಂಗಡಿಯಿಂದ ತಂದಿದ್ದಾ?"

"ಅಯ್ಯೋ ಅಮ್ಮ! ನಾನೇ ಬರೆದಿದ್ದು. ಯಾವ ಐಕಾನ್ ಬೇಕಾದ್ರೂ ಬದಲಾಯಿಸಬಹುದು. ಫೋಲ್ಡರ್ ಮೇಲೆ ಬಲಗಡೆ ಗುಂಡಿ ಒತ್ತು, ಅಲ್ಲೇ ಇದೆ. ಕಸದಬುಟ್ಟಿ, 'ನನ್ನ ಕಂಪ್ಯೂಟರ್', ಇಂಥ ಯಜಮಾನ ಐಕಾನ್‌ಗಳಿಗೆ ಮಾತ್ರ ಬೇರೆ ಜಾಗಕ್ಕೆ ಹೋಗಬೇಕು. ಬುಟ್ಟಿಗೆ ಎರಡು ಚಿತ್ರ ಬೇಕು, ಖಾಲಿದೊಂದು, ತುಂಬಿದ್ದೊಂದು."

ರುವೋಲಾನ್ ಪೊರಕೆಯನ್ನು ಗೋಡೆಗೆ ಒರಗಿಸಿ ಮಗಳ ಪಕ್ಕ ಮಂಚದ ಮೇಲೆ ಕೂತಳು. "ನಂಗೆ ಹೇಳಿಕೊಡು. ಯಾಕೆ ಅಂತ ಮಾತ್ರ ಕೇಳಬೇಡ."

"ಎಷ್ಟು ದಿನ ಕೇಳಬಾರದು?"

"ತಿಂಗಳ ಕೊನೇವರೆಗೆ."

ಮಧ್ಯಾಹ್ನ ಊಟದ ನಂತರ ಚಿವೆನ್ ಬೀಗ ಕೂರಿಸಲು ಮನೆಗಳಿಗೆ ಹೋಗುತ್ತಿದ್ದ, ಮಾವ ಒಂದು ಗಳಿಗೆ ಕಣ್ಣು ಮುಚ್ಚುತ್ತಿದ್ದ. ಆ ಹೊತ್ತಿನಲ್ಲಿ ಅತ್ತೆ ಸೊಸೆ ಇಬ್ಬರೂ ಕಂಪ್ಯೂಟರಿನ ಮುಂದೆ ಕೂತರು. ರುವೋಲಾನ್ ಮೊದಲು ಫೋಟೋಗಳನ್ನು ಕುಗ್ಗಿಸಿ ಹಾಕಿ ನೋಡಿದಳು. ಅಷ್ಟು ಚಿಕ್ಕದಾದಾಗ ಎಲ್ಲವೂ ಕಲಸಿದ ಮಣ್ಣಿನಂತಾದವು. ಆನ್‌ಛಿ ಹೇಳಿದ್ದು ನಿಜ. ಕೈಯಲ್ಲೇ, ಚುಕ್ಕೆ ಚುಕ್ಕೆಯಾಗಿ ತುಂಬಬೇಕು. ಅಡ್ಡ ಮೂವತ್ತೆರಡು ಮನೆ, ಉದ್ದ ಮೂವತ್ತೆರಡು ಮನೆ. ಆ ಚೌಕದೊಳಗೆ ಏನು ಹಿಡಿಸುತ್ತದೋ ಅಷ್ಟೇ.

"ಇದು ಯಾರು, ಹೇಳಿ," ಎಂದು ರುವೋಲಾನ್ ತಾನು ಬಿಡಿಸಿದ್ದನ್ನು ತೋರಿಸಿದಳು.

"ಹಳಸಿದ ಬನ್."

"ಹಲ್ಲಿನ ಡಾಕ್ಟರು ಗುವೋ, ಅತ್ತೆ! ಅದು ಹಲ್ಲು!"

"ಗುವೋ ಅಂದ್ರೆ ಹಲ್ಲು ಯಾಕೆ ನೆನಪಾಗಬೇಕು? ಅವನ ಹುಬ್ಬು ನೋಡಿಲ್ವಾ ನೀನು? ಎರಡು ಕಂಬಳಿಹುಳ ಕಾದಾಡಿದ ಹಾಗಿದೆ. ಹುಬ್ಬು ಬರಿ ಸಾಕು." ಬಾವ್‌ಜೂ ತಡೆಯಲಾರದೆ ಮೌಸನ್ನು ಕಿತ್ತುಕೊಂಡಳು. "ಸರಿ ಆ ಕಡೆ."

ಅರ್ಧ ಗಂಟೆಯಾಯಿತು. ಎರಡು ದಪ್ಪ ಕಪ್ಪು ಗೆರೆ, ಕೆಳಗೆ ಎರಡು ಬಿಳಿ ಚುಕ್ಕೆ. ಅದನ್ನು ಫೋಲ್ಡರಿನ ಮೇಲೆ ಕೂರಿಸಿದಾಗ ಉಗುರಿನಷ್ಟು ಜಾಗದಿಂದ ಡಾಕ್ಟರು ಗುವೋ ಇಬ್ಬರನ್ನೂ ದುರುಗುಟ್ಟಿಕೊಂಡು ನೋಡಿದ. ರುವೋಲಾನ್ ಬಾಯಿಗೆ ಕೈ ಅಡ್ಡ ಹಿಡಿದಳು. ನಗು ಬಂದಿತ್ತು, ನಗುವಿನ ಹಿಂದೆಯೇ ಏನೋ ಒಂದು ಬೆರಗೂ ಬಂತು.

ಆಮೇಲೆ ದಿನಕ್ಕೆ ಎರಡೋ ಮೂರೋ. ಹೊಸ ಫೋಲ್ಡರ್ ಬಂದಾಗ ರುವೋಲಾನ್ ಹೆಸರು ಹೇಳುವಳು, ಬಾವ್‌ಜೂ ಕಣ್ಣು ಮುಚ್ಚಿ ಒಂದು ನಿಮಿಷ ಕೂತು, ಆಮೇಲೆ ಚುಕ್ಕೆ ತುಂಬುವಳು. ಬಾತುಕೋಳಿ ವ್ಯಾಪಾರಿಗೆ ಬಾತುಕೋಳಿ ಬರೆಯಲಿಲ್ಲ. ಅವನು ಸದಾ ಕಿವಿಯ ಮೇಲೆ ಸಿಕ್ಕಿಸಿಕೊಳ್ಳುವ ಸಿಗರೇಟು ಬರೆದಳು. ಮೂರು ಸಲ ಮದುವೆಯಾದ ಬಟ್ಟೆಯಂಗಡಿಯ ಹೆಂಗಸಿಗೆ ಮೂರು ಕೆಂಪು ಚುಕ್ಕೆ. ಯಜಮಾನ ಐಕಾನ್‌ಗಳೂ ಬದಲಾದವು. ಪ್ರಿಂಟರಿಗೆ ಮೊಹರಿನ ಕೆಂಪು ಶಾಯಿಯ ಡಬ್ಬಿ. ಅಂಚೆಗೆ ಪೋಸ್ಟ್‌ಮ್ಯಾನನ ಹಸಿರು ಚೀಲ. ಕಂಪ್ಯೂಟರು ಆರಿಸುವುದಕ್ಕೆ ಅಂಗಡಿಯ ಮುಂದಿನ ಕಬ್ಬಿಣದ ಶಟರು, ಇನ್ನೇನು ನೆಲ ಮುಟ್ಟುವಷ್ಟು ಇಳಿದದ್ದು. ಕಸದಬುಟ್ಟಿಗೆ ಹಂದಿಗಳಿಗೆ ಮುಸುರೆ ಕೊಂಡೊಯ್ಯುವವನ ಬಕೆಟ್ಟು. ತುಂಬಿದಾಗ ಅದರ ಮೇಲೊಂದು ನೊಣ.

"ನೊಣ ಒಂದೇ ಚುಕ್ಕೆ ಅತ್ತೆ! ಒಂದೇ ಒಂದು ಚುಕ್ಕೆ, ಅದು ಹೇಗೆ ನೊಣ ಆಯ್ತು?"

"ಬಕೆಟ್ಟಿನ ಮೇಲೆ ಕೂತಿದ್ದಕ್ಕೆ," ಎಂದಳು ಬಾವ್‌ಜೂ.

ಆ ಮೂರು ವಾರದಲ್ಲಿ ಒಂದು ಮೊಹರೂ ತಪ್ಪಲಿಲ್ಲ. ಆದರೆ ಚಿವೆನ್ ತನ್ನ ಪಟ್ಟು ಬಿಟ್ಟಿರಲಿಲ್ಲ. ಕೆಲಸಕ್ಕೆ ಹುಡುಗಿಯನ್ನೂ ಗೊತ್ತುಮಾಡಿದ್ದ. ತಿಂಗಳ ಕೊನೆಯ ಭಾನುವಾರ, ಹುಡುಗಿಗೆ ತೋರಿಸಬೇಕಾದ್ದನ್ನೆಲ್ಲ ಸರಿಮಾಡಿಡೋಣ ಎಂದು ಕಂಪ್ಯೂಟರಿನ ಮುಂದೆ ಕೂತವನು ಕೂಗಿದ.

"ಯಾರು ಇದನ್ನ ಮಕ್ಕಳಾಟ ಮಾಡಿದ್ದು? ಆನ್‌ಛಿ! ಇಳಿದು ಬಾ ಕೆಳಗೆ!"

"ನಾನಲ್ಲಪ್ಪ," ಎಂದಳು ಆನ್‌ಛಿ ಮೆಟ್ಟಿಲ ಮೇಲಿಂದ. "ನನ್ನ ಕೈಲಿ ಇಷ್ಟು ಚೆನ್ನಾಗಿ ಆಗಲ್ಲ."

"ರುವೋಲಾನ್, ನೀನಾ? ಗಿರಾಕಿಗಳ ಫೋಲ್ಡರಲ್ಲಿ ಬಕೆಟ್ಟು, ಸಿಗರೇಟು, ಹುಬ್ಬು! ಇದರಿಂದಲೇ ಅಲ್ವಾ ಮೊಹರು ತಪ್ಪಿದ್ದು?"

ರುವೋಲಾನ್ ಬಾಯಿ ತೆರೆಯುವ ಮೊದಲೇ ಅಡುಗೆಮನೆಯಿಂದ ಬಾವ್‌ಜೂ ಬಂದಳು. ಕೈಯಲ್ಲಿ ಮೂಲಂಗಿ ಆಮ್ಲೆಟ್ಟಿನ ತಟ್ಟೆಯಿತ್ತು. ಅದನ್ನು ಮೇಜಿನ ಮೇಲಿಟ್ಟು, "ಅವಳ ಮೇಲೆ ಇನ್ನೊಂದು ಮಾತಾಡಿದ್ರೆ ನೋಡು," ಎಂದಳು ಮಗನಿಗೆ. "ಮೊಹರು ತಪ್ಪಿದ್ದು ನನ್ನಿಂದ. ನಂಗೆ ಓದಕ್ಕೆ ಬರಲ್ಲ ಕಣೋ. ತಲೆ ತಿರುಗಿ ಬಿದ್ದಾಗಿನಿಂದ ಒಂದಕ್ಷರ ಓದಕ್ಕೆ ಬರಲ್ಲ. ನೀನು ಅವಳನ್ನ ಬೈತಿದ್ದಾಗ ನಾನು ಹೇಡಿ ಥರ ಕೂತಿದ್ದೆ. ಇವಳಿಗೆ ಎರಡು ತಿಂಗಳಿಂದ ಗೊತ್ತು, ತನ್ನ ತಲೆ ಮೇಲೆ ಬಂದರೂ ಬಾಯಿ ಬಿಡಲಿಲ್ಲ."

"ಒಂದು ತಿಂಗಳಿಂದ ಅತ್ತೆ," ಎಂದಳು ರುವೋಲಾನ್.

ಚಿವೆನ್ ಕುರ್ಚಿಯಿಂದ ಎದ್ದು ನಿಂತ. ತಾಯಿಯ ಮುಖ ನೋಡಿದ, ಹೆಂಡತಿಯ ಮುಖ ನೋಡಲಾರದೆ ನೆಲ ನೋಡಿದ. "ನಂಗ್ಯಾಕಮ್ಮ ಹೇಳಲಿಲ್ಲ?" ಎಂದ, ಚಿಕ್ಕ ಹುಡುಗನ ದನಿಯಲ್ಲಿ.

"ಹೇಳಿದ್ರೆ ಆವತ್ತೇ ಮೇಲೆ ಹತ್ತಿಸ್ತಿದ್ದೆ."

ಅಷ್ಟು ಹೊತ್ತಿಗೆ ಶುಯ್‌ಮೂ ಕಿಟಕಿಯ ಬಳಿಯಿಂದ ಎದ್ದು ಬಂದಿದ್ದ. ಮಗನನ್ನು ಪಕ್ಕಕ್ಕೆ ಸರಿಸಿ ಕುರ್ಚಿಯಲ್ಲಿ ಕೂತು, ಕಲ್ಲು ನೋಡುವ ಭೂತಗನ್ನಡಿಯನ್ನು ಕಣ್ಣಿಗಿಟ್ಟುಕೊಂಡು ಪರದೆಗೆ ಮೂಗು ತಾಗುವಷ್ಟು ಬಗ್ಗಿದ. ಮೇಲಿನ ಸಾಲಿನಿಂದ ಶುರುಮಾಡಿದ.

"ಇದು ಡಾಕ್ಟರು ಗುವೋ. ಇದು ಬಾತುಕೋಳಿ ಮುದುಕ. ಇವಳು ಬಟ್ಟೆಯಂಗಡಿಯವಳು... ಅಯ್ಯೋ, ನಾಲ್ಕನೇ ಮದುವೆ ಆದ್ರೆ ಏನು ಮಾಡ್ತೀಯೆ?"

ಅವನು ಒಂದೊಂದನ್ನೇ ಹೇಳುತ್ತ ಹೋದ. ಐವತ್ತಮೂರು ಚಿತ್ರ, ಐವತ್ತಮೂರು ಜನ. ಒಂದೂ ತಪ್ಪಲಿಲ್ಲ. ರುವೋಲಾನ್ ಆ ಮನೆಗೆ ಬಂದು ಹದಿನೈದು ವರ್ಷವಾಗಿತ್ತು, ಮಾವ ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದನ್ನು ಅವಳು ಕೇಳಿರಲಿಲ್ಲ. ಕೊನೆಗೆ ಅವನು ಶಟರಿನ ಚಿತ್ರದ ಬಳಿ ನಿಂತು, "ಇಲ್ಲಿ ಒಂದು ಚುಕ್ಕೆ ಹೆಚ್ಚಾಗಿದೆ. ಕೆಳಗಿನ ಮೂಲೇಲಿ. ತೆಗಿ," ಎಂದ.

ಬಾವ್‌ಜೂ ಬಗ್ಗಿ ಆ ಚುಕ್ಕೆ ತೆಗೆದಳು. ಕಬ್ಬಿಣದ ಶಟರು ಈಗ ನಿಜವಾಗಿಯೂ ನೆಲದಿಂದ ಒಂದು ಗೇಣು ಮೇಲೆ ನಿಂತಿತು; ಕೆಳಗೆ ನುಸುಳಿಕೊಂಡು ಬೆಳಕು ಬಂದ ಹಾಗೆ.

ಶುಯ್‌ಮೂ ಭೂತಗನ್ನಡಿ ಕೆಳಗಿಟ್ಟ. "ಐವತ್ತು ವರ್ಷ ಕೆತ್ತಿದೀನಿ," ಎಂದ. "ಪಕ್ಕದಲ್ಲೇ ಇಂಥ ಕೈ ಇತ್ತು, ನಾನು ಅದರ ಕೈಲಿ ಚೀಟಿ ಬರೆಸ್ತಾ ಕೂತಿದ್ದೆ." ಆಮೇಲೆ ಮಗನಿಗೆ, "ಆ ಹುಡುಗಿಗೆ ಬರಬೇಡ ಅಂತ ಫೋನ್ ಮಾಡು," ಎಂದ.

ಚಿವೆನ್ ಫೋನ್ ಮಾಡಿದ. ಅವತ್ತು ಪಾತ್ರೆಗಳನ್ನೆಲ್ಲ ಅವನೇ ತೊಳೆದ. ತೊಳೆಯುತ್ತ, ಒರೆಸಲು ನಿಂತಿದ್ದ ಹೆಂಡತಿಗೆ, "ತಪ್ಪಾಯ್ತು," ಎಂದ.

"ಜೋರಾಗಿ ಹೇಳು. ಬೈದಿದ್ದು ಜೋರಾಗೇ ಇತ್ತು."

"ತಪ್ಪಾಯ್ತು!" ಎಂದ ಚಿವೆನ್ ಜೋರಾಗಿ, ಮತ್ತು ಆನ್‌ಛಿ ಮಹಡಿಯಿಂದ ಚಪ್ಪಾಳೆ ತಟ್ಟಿದಳು.

ಕಥೆ ಅಲ್ಲಿಗೇ ಮುಗಿದಿದ್ದರೂ ಆ ಮನೆಯವರಿಗೆ ಸಾಕಾಗಿತ್ತು. ಆದರೆ ಎರಡು ವಾರ ಕಳೆದು ಒಬ್ಬ ಹೊಸ ಗಿರಾಕಿ ಬಂದ. ಪರ ಊರಿನವನು, ಆತುರದಲ್ಲಿ ಚೀಟಿಯಲ್ಲಿ ಹೆಸರು ಬರೆದಿಟ್ಟು ಹೊರಟುಹೋದ. ಬಾವ್‌ಜೂ ಅವನ ಮುಖವನ್ನೇ ಸರಿಯಾಗಿ ನೋಡಿರಲಿಲ್ಲ. ರುವೋಲಾನ್ ಒಲೆಯ ಮೇಲೆ ಗೆಣಸಿನ ಗಂಜಿ ಇಟ್ಟು ಬಂದಿದ್ದಳು, ಒಳಗೆ ಓಡಿದ್ದಳು.

"ಹುಬ್ಬಿಲ್ಲ, ಮಚ್ಚೆಯಿಲ್ಲ, ಇವನಿಗೇನು ಬರೆಯಲಿ?" ಎಂದು ಬಾವ್‌ಜೂ ಗೊಣಗುವುದು ಅಡುಗೆಮನೆಗೆ ಕೇಳಿಸಿತು. "ಚೀಟೀಲಿ ಮೊದಲು ಏನೋ ಗೀಚಿದಾನಲ್ಲ, ಅದನ್ನೇ ಚಿತ್ರದ ಥರ ಇಳಿಸಿಬಿಡ್ತೀನಿ."

ಗಂಜಿ ಕುದಿಯುತ್ತಿತ್ತು. ಹೊರಗಿನಿಂದ ಮೌಸಿನ ಟಿಕ್ ಟಿಕ್. ಒಂದು ಉದ್ದ ಗೆರೆಗೆ ಹನ್ನೆರಡು ಟಿಕ್, ಅಡ್ಡಗೆರೆಗೆ ಎಂಟು, ಓರೆಯಾಗಿ ಇಳಿಯುವ ಕೊಂಬೆಗಳಿಗೆ ಐದೈದು. ಮತ್ತೆ ಪಕ್ಕದಲ್ಲಿ ಅದೇ ಆಕಾರ. ಆಮೇಲೆ ಟಿಕ್ ಸದ್ದು ನಿಂತಿತು.

"ರುವೋಲಾನ್."

ಆ ದನಿ ಕೇಳಿ ರುವೋಲಾನ್ ಸೌಟನ್ನು ಹಿಡಿದೇ ಓಡಿ ಬಂದಳು. ಇನ್ನೊಮ್ಮೆ ಬಿದ್ದಳೇನೋ ಎಂದುಕೊಂಡಳು. ಬಾವ್‌ಜೂ ನೆಟ್ಟಗೆ ಕೂತಿದ್ದಳು. ಕಣ್ಣು ಪರದೆಯ ಮೇಲಿರಲಿಲ್ಲ, ತನ್ನ ಬಲಗೈಯ ಮೇಲಿತ್ತು. ಇನ್ನೊಬ್ಬರ ಕೈ ಅನ್ನುವ ಹಾಗೆ ಅದನ್ನು ನೋಡುತ್ತಿದ್ದಳು.

"ಮರ," ಎಂದಳು. "ಒಂದು ಮರ, ಪಕ್ಕದಲ್ಲಿ ಇನ್ನೊಂದು ಮರ. ಎರಡು ಮರ ಸೇರಿದ್ರೆ ಲಿನ್ ಅನ್ನೋ ಅಕ್ಷರ. ಇವನು ಲಿನ್ ಮನೆತನದವನು. ಹೌದಾ? ಹೇಳು, ಹೌದಾ?"

"ಹೌದು ಅತ್ತೆ. ಲಿನ್. ಕಾಣಿಸ್ತಾ?"

"ಇಲ್ಲ. ಕಣ್ಣಿಗೆ ಈಗಲೂ ಇರುವೆ ಥರಾನೇ. ಕೈ ಹೇಳ್ತು."

ರುವೋಲಾನ್ ಸೌಟನ್ನು ಎಲ್ಲಿಡಬೇಕೆಂದು ತಿಳಿಯದೆ ಕಂಕುಳಲ್ಲಿಟ್ಟುಕೊಂಡು, ಚೀಟಿಯ ಎರಡನೆಯ ಅಕ್ಷರವನ್ನು ತೋರಿಸಿದಳು. ಬಾವ್‌ಜೂ ತೋರುಬೆರಳಿನಿಂದ ಮೇಜಿನ ಗಾಜಿನ ಮೇಲೆ ಅದರ ಗೀಟುಗಳನ್ನು ಒಂದೊಂದಾಗಿ ಎಳೆದಳು. ಮೊದಲ ಸಲ ಏನೂ ಬರಲಿಲ್ಲ. ಎರಡನೆಯ ಸಲ ಅವಳ ತುಟಿ ಅಲುಗಿತು. ಮೂರನೆಯ ಸಲ ಹೇಳಿದಳು. ಸರಿಯಾಗಿತ್ತು. ಗಂಜಿ ಉಕ್ಕಿ ಒಲೆ ಆರಿದ ವಾಸನೆ ಬಂದರೂ ಇಬ್ಬರೂ ಕದಲಲಿಲ್ಲ. ಕಿಟಕಿಯ ಬಳಿ ಶುಯ್‌ಮೂ ಉಳಿ ಕೆಳಗಿಟ್ಟು, ಎರಡೂ ಕೈ ಮೊಣಕಾಲಿನ ಮೇಲಿಟ್ಟುಕೊಂಡು, ಗುಡಿಯಲ್ಲಿ ಕೂತವನ ಹಾಗೆ ಕೂತಿದ್ದ.

ಭಾನುವಾರ ಬೆಳಿಗ್ಗೆ ಮೂವರೂ ಸಂತೆಗೆ ಹೊರಟರು. ಗಂಡ ಹೆಂಡತಿ ಮುಂದೆ, ರುವೋಲಾನ್ ನಾಲ್ಕು ಹೆಜ್ಜೆ ಹಿಂದೆ. ದೊಡ್ಡ ರಸ್ತೆಯ ಸಿಗ್ನಲ್ಲಿನಲ್ಲಿ ಬಾವ್‌ಜೂ ನಿಂತಳು. ಎದುರಿನ ಅಂಗಡಿಯ ಫಲಕಕ್ಕೆ ಮುಖವೆತ್ತಿ, ಗಾಳಿಯಲ್ಲಿ ಬೆರಳಾಡಿಸಿದಳು. ಪಕ್ಕದಲ್ಲಿ ಸ್ಕೂಟರ್ ನಿಲ್ಲಿಸಿಕೊಂಡಿದ್ದವರು ಈ ಮುದುಕಿಗೇನಾಗಿದೆ ಎಂದು ತಿರುಗಿ ನೋಡಿದರು. ಹಸಿರು ದೀಪ ಬಂತು, ಸ್ಕೂಟರುಗಳೆಲ್ಲ ಹೋದವು. ಕೆಂಪು ಬಂತು. ಅವಳ ಬೆರಳು ಇನ್ನೂ ಆಡುತ್ತಿತ್ತು.

"ಔಷಧ," ಎಂದಳು. "ಔಷಧದ ಅಂಗಡಿ."

"ಹೂಂ," ಎಂದ ಶುಯ್‌ಮೂ.

"ಅದರ ಪಕ್ಕದ್ದು ತುಂಬ ಉದ್ದ ಇದೆ ಕಣ್ರೀ. ಹೊತ್ತಾಗತ್ತೆ."

ಶುಯ್‌ಮೂ ಅವಳ ಕೈಯಿಂದ ಸಂತೆಯ ಚೀಲವನ್ನು ತೆಗೆದುಕೊಂಡು ತನ್ನ ಹೆಗಲಿಗೆ ಹಾಕಿಕೊಂಡ. ಎರಡನೆಯ ಸಲ ಹಸಿರು ದೀಪ ಬಂತು.

"ಓದು," ಎಂದ.